ಅಪ್ಪನೆಂದು ಬಂದವನು

ಅವನು ಬ್ರೆಡ್ಡಿನ ತುಂಡನ್ನು ಜೇಬಿಗೆ ಇಳಿಸಿದ್ದನ್ನು ಮೇವಿಸ್ ಕಣ್ಣಾರೆ ಕಂಡಳು. ಅಮ್ಮ ಕೆಟಲು ಇಳಿಸಲೆಂದು ಒಲೆಯ ಕಡೆ ತಿರುಗಿದ್ದಳು. ಅಷ್ಟರಲ್ಲಿ ಅವನ ಕೈ ತಟ್ಟೆಯ ಮೇಲೆ ಹರಿದು, ಕೋಟಿನ ಜೇಬಿನೊಳಗೆ ಹೋಗಿ, ಖಾಲಿಯಾಗಿ ಹೊರಗೆ ಬಂತು. ಆಮೇಲೆ ಏನೂ ಆಗಿಲ್ಲವೆಂಬಂತೆ ಮೇಜಿನ ಮೇಲೆ ಬಿದ್ದಿದ್ದ ಪುಡಿಯನ್ನು ಬೆರಳಿಗೆ ಅಂಟಿಸಿಕೊಂಡು ನೆಕ್ಕತೊಡಗಿದ. ಹಾಗೆ ಮೇವಿಸ್ ನೆಕ್ಕಿದ್ದರೆ ಅಮ್ಮ ಕೈಮೇಲೆ ಒಂದು ಬಿಟ್ಟಿರುತ್ತಿದ್ದಳು. ಈಗ ಅಮ್ಮ ತಿರುಗಿ ನೋಡಿದಳು, ಖಾಲಿಯಾದ ತಟ್ಟೆ ನೋಡಿದಳು, ತನ್ನ ಪಾಲಿನ ತುಂಡನ್ನು ಮಾತಿಲ್ಲದೆ ಅವನ ಕಡೆಗೆ ಸರಿಸಿದಳು.

ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿ, ಗಡಿಯಾರದ ಪಕ್ಕದಲ್ಲಿ, ಅಪ್ಪನ ಫೋಟೊ ಇತ್ತು. ಸೈನ್ಯದ ಟೋಪಿಯನ್ನು ಓರೆಯಾಗಿಟ್ಟುಕೊಂಡು, ದಪ್ಪ ಮೀಸೆಯಡಿ ನಗುತ್ತಿದ್ದ ದುಂಡು ಮುಖದ ಮನುಷ್ಯ. ಬುದ್ಧಿ ತಿಳಿದಾಗಿನಿಂದ ಮಲಗುವ ಮುಂಚೆ ಆ ಗಾಜಿಗೊಂದು ಮುತ್ತು ಕೊಡುವುದು ಮೇವಿಸಳ ರೂಢಿ. ಮೇಜಿನ ಆಚೆ ಕೂತವನಿಗೆ ಮೀಸೆಯಿರಲಿಲ್ಲ. ಕೆನ್ನೆಯೇ ಇರಲಿಲ್ಲ. ಮುಂದಿನ ಹಲ್ಲುಗಳು ಹೋಗಿದ್ದವು, ಮೈಬಣ್ಣ ಹಳೆಯ ದಿನಪತ್ರಿಕೆಯ ಹಾಗೆ ಹಳದಿಗೆ ತಿರುಗಿತ್ತು. ಕುರ್ಚಿಯಿದ್ದರೂ ಎಷ್ಟೋ ಸಲ ಅವನು ಒಲೆಯ ಮುಂದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದ. ಆರ್ಲ್‌ಬರೋ ಊರಿನಲ್ಲಿ ಹಾಗೆ ಕೂರುವ ಇನ್ನೊಬ್ಬ ಗಂಡಸನ್ನು ಮೇವಿಸ್ ನೋಡಿರಲಿಲ್ಲ.

ಅವನು ಬಂದದ್ದು ನವೆಂಬರಿನಲ್ಲಿ. ಜಪಾನಿನವರ ಸೆರೆಯಲ್ಲಿದ್ದವರು ಹಡಗಿಳಿದು ಊರು ಸೇರುತ್ತಿದ್ದ ಕಾಲ. ಅಮ್ಮ ತನ್ನ ಒಳ್ಳೆಯ ಟೋಪಿ ಹಾಕಿಕೊಂಡು ಮೇವಿಸಳನ್ನು ಸ್ಟೇಷನ್ನಿಗೆ ಎಳೆದುಕೊಂಡು ಹೋಗಿದ್ದಳು. ರೈಲು ನಿಂತಾಗ ಮೇವಿಸ್ ಹಬೆಯೊಳಗೆ ಮೀಸೆಗಾಗಿ ಹುಡುಕುತ್ತಿದ್ದಳು. ಅಮ್ಮನೂ ಎಲ್ಲರ ಮುಖ ನೋಡುತ್ತಿದ್ದಳು, ಯಾರ ಮೇಲೂ ಅವಳ ಕಣ್ಣು ನಿಲ್ಲಲಿಲ್ಲ. ಪ್ಲಾಟ್‌ಫಾರಂ ಬರಿದಾಗುತ್ತ ಬಂದ ಮೇಲೆ, ಬೇರೆಯವರ ಮೈಗೆ ಹೊಲಿದಂಥ ಕೋಟು ತೊಟ್ಟವನೊಬ್ಬ ಅವರೆದುರು ಬಂದು ನಿಂತು, ಅಮ್ಮನ ಹೆಸರು ಹಿಡಿದು "ಐವಿ" ಎಂದ. ಅಮ್ಮ ಕೂಡಲೇ ಅವನನ್ನು ಅಪ್ಪಿಕೊಳ್ಳಲಿಲ್ಲ. ಒಂದು ಗಳಿಗೆ ಸುಮ್ಮನೆ ನಿಂತಳು. ಆ ಒಂದು ಗಳಿಗೆಯನ್ನು ಮೇವಿಸ್ ಮರೆತಿರಲಿಲ್ಲ.

ಅಂದಿನಿಂದ ಅಮ್ಮನ ಹಾಸಿಗೆಯಲ್ಲಿ ಅವಳಿಗೆ ಜಾಗ ಹೋಯಿತು. ಹಿಂದಿನ ಸಣ್ಣ ಕೋಣೆ, ಗೋಡೆಗೆ ತೇವ, ಕಾಲಬುಡದಲ್ಲಿ ಬಿಸಿನೀರಿನ ಜಾಡಿ. "ದೊಡ್ಡವಳಾದೆ ಅಲ್ವಾ ಈಗ?" ಎಂದಳು ಅಮ್ಮ. ಹಿಂದಿನ ವಾರ ದೊಡ್ಡವಳಾಗಿಲ್ಲದವಳು ಈ ವಾರ ಹೇಗೆ ದೊಡ್ಡವಳಾದಳೆಂದು ಮೇವಿಸ್ ಕೇಳಲಿಲ್ಲ.

ಆ ಮನುಷ್ಯನಿಗೆ ಅವಳು "ಅಪ್ಪ" ಎನ್ನುತ್ತಿರಲಿಲ್ಲ. ಕರೆಯಲೇಬೇಕಾದಾಗ ಕೆಮ್ಮುತ್ತಿದ್ದಳು.

*

ಚಳಿಗಾಲ ಇಳಿಯುತ್ತಿದ್ದ ಒಂದು ಬೆಳಗ್ಗೆ ಶಾಲೆಯಲ್ಲಿ ಮಿಸ್ ಗ್ರೀನಾವೇ ಹಾಜರಿ ಕೂಗಿ ಮುಗಿಸಿ, "ಈಸ್ಟರ್ ಹಾಡಿನ ದಿನ ಕುರ್ಚಿ ಎಷ್ಟು ಹಾಕ್ಬೇಕು ಗೊತ್ತಾಗ್ಬೇಕು. ಯಾರ್ಯಾರ ಅಪ್ಪ ಯುದ್ಧದಿಂದ ಬಂದಿದಾರೆ, ಕೈ ಎತ್ತಿ" ಎಂದರು.

ಕೈಗಳು ಎದ್ದವು. ಚಳಿಗೆ ಗಟ್ಟಿಯಾಗಿ, ಕರಗಲೆಂದು ಒಲೆಯ ಸುತ್ತ ಇಟ್ಟಿದ್ದ ಹಾಲಿನ ಪುಟ್ಟ ಬಾಟಲಿಗಳು ಟಿಕ್ ಟಿಕ್ ಎನ್ನುತ್ತಿದ್ದವು. ಮೇವಿಸ್ ಕೈಯನ್ನು ಕಿವಿಯವರೆಗೆ ಎತ್ತಿ, ಕೂದಲು ಸರಿಮಾಡಿಕೊಂಡವಳಂತೆ ಇಳಿಸಿದಳು.

ಇದನ್ನು ಅವಳ ಪಕ್ಕ ಕೂರುವ ಡಾಫ್ನೆ ಲೋಸ್ಬಿ ಬಿಟ್ಟಾಳೆಯೆ? ಡಾಫ್ನೆಯ ಅಪ್ಪ ಇಟಲಿಯಲ್ಲಿ ಸತ್ತಿದ್ದ. ಅವಳು ಕೈ ಎತ್ತುವ ಪ್ರಶ್ನೆಯಿರಲಿಲ್ಲ, ಹಾಗಾಗಿ ಬೇರೆಯವರ ಕೈ ನೋಡಲು ಬೇಕಾದಷ್ಟು ಪುರುಸೊತ್ತಿತ್ತು.

"ಪೂರ್ತಿ ಯಾಕೆ ಎತ್ತಲಿಲ್ಲ?" ಎಂದು ಆಟದ ಬಿಡುವಿನಲ್ಲಿ ಮೂಲೆಗೆ ಎಳೆದುಕೊಂಡು ಹೋಗಿ ಕೇಳಿದಳು. ಅಂಗಳದ ಆ ಮೂಲೆಯಲ್ಲಿ ಬಾಂಬಿಗೆ ಹೆದರಿ ಕಟ್ಟಿದ್ದ ಇಟ್ಟಿಗೆಯ ಆಸರೆಮನೆ ಈಗ ಮುರಿದ ಬೆಂಚುಗಳ ಉಗ್ರಾಣವಾಗಿತ್ತು.

"ಎತ್ತಿದ್ನಲ್ಲ."

"ಸುಳ್ಳುಬುರುಕಿ. ಅರ್ಧ ಎತ್ತಿದೆ."

ಮೇವಿಸ್ ಬೂಟಿನ ತುದಿಯಿಂದ ನೆಲ ಕೆರೆದಳು. ಆಮೇಲೆ ಎಲ್ಲವನ್ನೂ ಹೇಳಿದಳು: ಮೀಸೆ, ಹಲ್ಲು, ಕುಕ್ಕರುಗಾಲು, ಜೇಬಿಗಿಳಿದ ಬ್ರೆಡ್ಡು.

ಡಾಫ್ನೆಯ ಕಣ್ಣು ಅಗಲವಾದವು. ನಗುತ್ತಾಳೆಂದು ಮೇವಿಸ್ ಅಂದುಕೊಂಡಿದ್ದಳು. ಅವಳು ನಗಲಿಲ್ಲ. "ಇದೊಂದು ದೊಡ್ಡ ವಿಷಯ ಕಣೆ" ಎಂದಳು. "ನಿಮ್ಮನೆಗೆ ಬೇರೆಯವರನ್ನ ಕಳಿಸಿದಾರೆ."

"ಹೋಗೆ! ಹಾಗೆಲ್ಲ ಕಳಿಸ್ತಾರಾ?"

"ಯಾಕೆ ಕಳಿಸಲ್ಲ? ನಮ್ಮ ಕೋಟು ನೇತುಹಾಕೋ ಕೋಣೇಲಿ ಏನಾಗುತ್ತೆ ನೋಡು. ಎಲ್ಲಾ ಕೋಟೂ ಬೂದು ಬಣ್ಣ. ಪ್ರತಿ ವಾರ ಯಾರದೋ ಕೋಟು ಯಾರೋ ಹಾಕ್ಕೊಂಡು ಹೋಗ್ತಾರೆ. ನಲವತ್ತು ಕೋಟಿಗೇ ಹಿಂಗಾದ್ರೆ, ಅಲ್ಲಿ ಸಾವಿರಾರು ಜನ, ಎಲ್ಲರದೂ ತಲೆ ಬೋಳು, ಎಲ್ಲರೂ ಕಡ್ಡಿ. ಹಡಗಿಗೆ ಹತ್ತಿಸೋನು ಮುಖ ನೋಡ್ತಾನಾ?"

"ಹೆಸರು ಕೇಳ್ತಾರೆ."

"ಜ್ವರ ಬಂದೋರಿಗೆ ಹೆಸರು ಎಲ್ಲಿ ನೆನಪಿರುತ್ತೆ? ನಿಮ್ಮಪ್ಪನ ಹೆಸರು ಹೇಳಿ, ನೀನು ಸಿರಿಲ್ ಟೆಬಟ್ ತಾನೆ ಅಂದ್ರೆ ಹೌದು ಅಂತಾರೆ, ಮನೆ ಸಿಕ್ಕುತ್ತಲ್ಲ."

ಇದು ಮೇವಿಸಳಿಗೆ ಹೊಳೆದಿರಲಿಲ್ಲ. ಹೊಳೆದ ಮೇಲೆ ಹೋಗಲಿಲ್ಲ. ಡಾಫ್ನೆ ಒಲೆಯಿಲ್ಲದ ಆ ಮೂಲೆಯಲ್ಲಿ ನಿಂತು ಕೈ ಉಜ್ಜಿಕೊಳ್ಳುತ್ತ, ಏನೇನು ಮಾಡಬೇಕೆಂದು ವಿವರಿಸಿದಳು. ಮೊದಲು ಹಳೆಯ ವಿಷಯ ಕೇಳಿ ನೋಡಬೇಕು. ಅಪ್ಪನ ಸ್ವಂತ ತಾಯಿ ಏನನ್ನುತ್ತಾಳೆಂದು ಗಮನಿಸಬೇಕು. ಮುಖ್ಯವಾಗಿ ಮೈಮೇಲೆ ಎಲ್ಲಿ ಏನು ಮುಚ್ಚಿಡುತ್ತಾನೆಂದು ಪತ್ತೆ ಹಚ್ಚಬೇಕು.

"ಕಾಲು" ಎಂದಳು ಮೇವಿಸ್. "ಬಲಗಾಲು ತೋರ್ಸಲ್ಲ. ಸ್ನಾನಕ್ಕೆ ಬಟ್ಟೆ ಒಗೆಯೋ ಕೋಣೆಗೆ ಹೋಗಿ ಚಿಲಕ ಹಾಕ್ಕೋತಾನೆ. ಅಮ್ಮ ಬಾಗಿಲ ಹತ್ರ ಹೋದ್ರೂ ಕೂಗ್ತಾನೆ."

"ಗುಟ್ಟು ಅಲ್ಲೇ ಇರೋದು" ಎಂದಳು ಡಾಫ್ನೆ.

*

ಹಳೆಯ ವಿಷಯ ಕೇಳುವ ಕೆಲಸ ಮೇವಿಸ್ ಅಂದೇ ಮಾಡಿದಳು. ಅವನು ಕಿಟಕಿಯ ಹತ್ತಿರ ಕೂತು ಅವಳ ಬೂಟಿಗೆ ಹೊಸ ಅಟ್ಟೆ ಹೊಡೆಯುತ್ತಿದ್ದ. ಊರೆಲ್ಲ ಬೂಟಿನ ಕಾರ್ಖಾನೆಯವರೇ, ಅಪ್ಪನೂ ಯುದ್ಧಕ್ಕೆ ಹೋಗುವ ಮುಂಚೆ ಅಲ್ಲಿ ಚರ್ಮ ಕತ್ತರಿಸುತ್ತಿದ್ದ. ಆದರೆ ಬೂಟಿಗೆ ಅಟ್ಟೆ ಹೊಡೆಯಲು ಆರ್ಲ್‌ಬರೋದಲ್ಲಿ ಯಾರಿಗೆ ಬಾರದು? ಅದು ಲೆಕ್ಕಕ್ಕಿಲ್ಲ.

ಅವಳು ಕೆಮ್ಮಿದಳು. "ನಮ್ಮನೇಲಿ ಮುಂಚೆ ಒಂದು ಬೆಕ್ಕಿತ್ತು. ಅದರ ಹೆಸರೇನು ಹೇಳಿ."

ಅವನು ಸುತ್ತಿಗೆ ನಿಲ್ಲಿಸಿದ. "ಬೆಕ್ಕಾ?"

"ಹೂಂ. ನಾನು ಸಣ್ಣೋಳಿದ್ದಾಗ."

ಅವನು ಬಹಳ ಹೊತ್ತು ಯೋಚಿಸಿದ. ಬಾಯಲ್ಲಿ ಮೊಳೆಗಳಿದ್ದವು, ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡ. "ನೆನಪಾಗ್ತಿಲ್ಲ ಮಗು" ಎಂದ. ಹಾಗೆಂದವನು ಬೂಟನ್ನು ಪಕ್ಕಕ್ಕಿಟ್ಟು, ಕೋಟು ಹಾಕಿಕೊಂಡು, ಹಿತ್ತಲಿಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ.

ಭಾನುವಾರ ಅಜ್ಜಿ ಬಂದಳು. ಅಜ್ಜಿ ಎಂದರೆ ಅಪ್ಪನ ತಾಯಿ. ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲೆಯಷ್ಟೇ ತಿಳಿಯುತ್ತಿತ್ತು. ಪಕ್ಕದ ಬೀದಿಯಿಂದ ಗೋಡೆ ಸವರಿಕೊಂಡೇ ಬರುತ್ತಿದ್ದಳು. ಬಂದವಳು ಅವನ ಪಕ್ಕ ಕೂತು ಅವನ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು. ಮೇವಿಸ್ ಮೇಜಿನ ಮೇಲೆ ಚಿತ್ರ ಬರೆಯುವವಳಂತೆ ಬಗ್ಗಿಕೊಂಡು ಕಿವಿ ಕೊಟ್ಟಿದ್ದಳು.

"ಎಷ್ಟು ತಣ್ಣಗಿದೆ" ಎಂದಳು ಅಜ್ಜಿ.

"ಹೊರಗೆ ಚಳಿ, ಅಮ್ಮ."

"ಯಾವ ಚಳೀಲೂ ಸಿರಿಲ್ ಕೈ ಬೆಚ್ಚಗಿರ್ತಿತ್ತು. ಚಿಕ್ಕೋನಿದ್ದಾಗ ನನ್ನ ಕೈ ಕಾಯಿಸಿಕೊಳ್ಳೋಕೆ ಅವನ ಕೈ ಹಿಡ್ಕೋತಿದ್ದೆ." ಅವಳ ಬೆರಳು ಅವನ ಗಂಟುಗಂಟು ಮೂಳೆಗಳ ಮೇಲೆ ನಿಂತು ನಿಂತು ಹೋದವು. "ಇದು ಯಾರ ಕೈಯಪ್ಪಾ" ಎಂದಳು ಮೆಲ್ಲಗೆ.

"ಅತ್ತೆ, ಟೀ ಆರ್ತಿದೆ" ಎಂದು ಅಮ್ಮ ಜೋರಾಗಿ ಹೇಳಿದಳು. ಲೋಟವನ್ನು ತಟ್ಟೆಯ ಮೇಲೆ ಕುಕ್ಕಿದಳು.

ಅಷ್ಟೇ ಆಗಿದ್ದರೆ ಮೇವಿಸ್ ಇನ್ನೂ ಅನುಮಾನದಲ್ಲೇ ಇರುತ್ತಿದ್ದಳೇನೋ. ಸೋಮವಾರ ಅಮ್ಮ ಕಾರ್ಖಾನೆಗೆ ಹೊರಡುವ ಮುಂಚೆ ಬಟ್ಟೆ ಹರವುತ್ತ, ಹಿತ್ತಲಿನ ಗೋಡೆಯಾಚೆಯ ಮಿಸೆಸ್ ಪ್ಯಾಂಟರ್ ಜೊತೆ ಮಾತಾಡುತ್ತಿದ್ದಳು. ಮೇವಿಸ್ ಕಕ್ಕಸಿನೊಳಗೆ ಕೂತಿದ್ದಳು. ಹಲಗೆಯ ಸಂದಿಯಿಂದ ಒಂದೊಂದು ಮಾತೂ ಕೇಳುತ್ತಿತ್ತು.

"ತಿಂತಾನಾ ಸರಿಯಾಗಿ?" ಎಂದಳು ಮಿಸೆಸ್ ಪ್ಯಾಂಟರ್.

"ತಿಂತಾನೆ. ಬಚ್ಚಿಡ್ತಾನೆ. ದಿಂಬಿನ ಕೆಳಗೆಲ್ಲ ಬ್ರೆಡ್ಡು. ಮುಟ್ಟೋಕೆ ಹೋದ್ರೆ ಬೆಚ್ಚಿ ಬೀಳ್ತಾನೆ." ಅಮ್ಮನ ದನಿ ಒಡೆಯಿತು. "ನಾನು ಕಳಿಸಿಕೊಟ್ಟ ಸಿರಿಲ್ ಅಲ್ಲ ಕಣೆ ಇವನು. ಬೇರೆ ಯಾರೋ. ಬೆಳಗ್ಗೆ ಎದ್ದು ಪಕ್ಕಕ್ಕೆ ನೋಡಿದ್ರೆ, ಯಾರನ್ನ ಮನೆಗೆ ಕರ್ಕೊಂಡು ಬಂದೆ ಅನ್ಸುತ್ತೆ."

ಮೇವಿಸ್ ಕಕ್ಕಸಿನಿಂದ ಹೊರಗೆ ಬರಲಿಲ್ಲ. ಅಮ್ಮನಿಗೂ ಗೊತ್ತಿದೆ! ಗೊತ್ತಿದ್ದೂ ಅವನಿಗೆ ತನ್ನ ಪಾಲಿನ ಬ್ರೆಡ್ಡು ಕೊಡುತ್ತಿದ್ದಾಳೆ, ಅವನ ಅಂಗಿ ಒಗೆದು ಹರವುತ್ತಿದ್ದಾಳೆ. ಯಾಕೆ? ಹೆದರಿಕೆಯಿಂದಲೇ ಇರಬೇಕು.

*

"ಗೊತ್ತಾಯ್ತಲ್ಲ!" ಎಂದಳು ಡಾಫ್ನೆ. ಅವಳ ಕೆನ್ನೆ ಕೆಂಪೇರಿತ್ತು. ಸಂತೋಷವೋ ಎಂಬಂತಿತ್ತು. ಮೇವಿಸಳಿಗೆ ಅದು ಇಷ್ಟವಾಗಲಿಲ್ಲ. ತನ್ನ ಮನೆಯಲ್ಲಿ ಯಾರೋ ಅಪರಿಚಿತ ಸೇರಿಕೊಂಡಿದ್ದರೆ ಇವಳಿಗೇಕೆ ಸಂತೋಷ?

"ಈಗೇನು ಮಾಡೋದು?"

"ಠಾಣೆಗೆ ಹೋಗಿ ಸಾರ್ಜೆಂಟ್‌ಗೆ ಹೇಳೋದು."

"ಆಮೇಲೆ?"

"ಅವರು ಅವನನ್ನ ಕರ್ಕೊಂಡು ಹೋಗ್ತಾರೆ. ಎಲ್ಲಾ ಹೊಸದಾಗಿ ನೋಡ್ತಾರೆ, ಯಾರು ಯಾರ ಮನೇಲಿದಾರೆ ಅಂತ. ಊರೂರಲ್ಲೂ ನೋಡ್ಬೇಕಾಗುತ್ತೆ."

ಅವನನ್ನು ಕರೆದುಕೊಂಡು ಹೋಗುವುದನ್ನು ಮೇವಿಸ್ ಮನಸ್ಸಿನಲ್ಲೇ ನೋಡಿದಳು. ಬೀದಿಯಲ್ಲಿ ಇನ್ನೂ ಕೊಳಕು ಹಿಮ ಬಿದ್ದಿತ್ತು. ಆ ದೊಡ್ಡ ಕೋಟಿನಲ್ಲಿ, ಕುಂಟುತ್ತ, ಜೇಬಿನಲ್ಲಿ ಬ್ರೆಡ್ಡಿನ ತುಂಡಿಟ್ಟುಕೊಂಡು. ಆದರೆ ನಿಜವಾದ ಅಪ್ಪ, ಆ ಮೀಸೆಯ ಅಪ್ಪ, ಇನ್ಯಾರದೋ ಮನೆಯಲ್ಲಿ ಇನ್ಯಾವಳೋ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರೆ?

"ಶನಿವಾರ ಮಧ್ಯಾಹ್ನ ಕಾರ್ಖಾನೆ ಗೇಟಿನ ಹತ್ರ ಬಾ" ಎಂದಳು ಡಾಫ್ನೆ. "ಅಲ್ಲಿಂದ ಠಾಣೆಗೆ ಹೋಗೋಣ. ಅಷ್ಟರಲ್ಲಿ ಆ ಕಾಲು ನೋಡಿಬಿಡು. ಸಾರ್ಜೆಂಟ್ ಕೇಳ್ತಾರೆ."

ಆ ವಾರ ಊರಿಗೆ ಬಾಳೆಹಣ್ಣು ಬಂತು. ಯುದ್ಧ ಶುರುವಾದ ಮೇಲೆ ಅದೇ ಮೊದಲು. ತರಕಾರಿ ಅಂಗಡಿಯವನು ಮಕ್ಕಳ ಪಡಿತರ ಪುಸ್ತಕ ತಂದವರಿಗೆ ಮಾತ್ರ ಒಂದೊಂದು ಕೊಡುತ್ತಾನೆಂದು ಸುದ್ದಿಯಾಗಿ, ಶುಕ್ರವಾರ ಶಾಲೆ ಬಿಟ್ಟದ್ದೇ ತಡ ಮಕ್ಕಳೆಲ್ಲ ಅಲ್ಲಿ ಸಾಲುಗಟ್ಟಿದರು. ಮಿಸ್ ಗ್ರೀನಾವೇ ಬೆಳಗ್ಗೆಯೇ ಕಪ್ಪುಹಲಗೆಯ ಮೇಲೆ ಅದರ ಚಿತ್ರ ಬರೆದು ತೋರಿಸಿದ್ದರು. ಆದರೂ ಡಾಫ್ನೆ ಕೈಗೆ ಸಿಕ್ಕ ಕೂಡಲೇ ಸಿಪ್ಪೆಸಮೇತ ಕಚ್ಚಿ, "ಥೂ! ಚರ್ಮ ಅಗಿದ ಹಾಗಿದೆ! ಮೋಸ!" ಎಂದು ಅಂಗಡಿಯವನ ಎದುರಿಗೇ ಉಗಿದಳು. ಸಾಲೆಲ್ಲ ನಕ್ಕಿತು.

ಮೇವಿಸ್ ತನ್ನದನ್ನು ಕೋಟಿನೊಳಗೆ ಎದೆಗೆ ಒತ್ತಿಕೊಂಡು ಮನೆಗೆ ಬಂದಳು. ಅಮ್ಮ ಕಾರ್ಖಾನೆಯಿಂದ ಬರುವ ಹೊತ್ತಾಗಿರಲಿಲ್ಲ. ಹಿಂಬಾಗಿಲು ತೆಗೆದವಳು ಅಲ್ಲೇ ನಿಂತಳು.

ಅವನು ಅಡುಗೆಮನೆಯ ಒಲೆಯ ಮುಂದೆ ಸಣ್ಣ ಮಣೆಯ ಮೇಲೆ ಕೂತಿದ್ದ. ಬಲಗಾಲಿನ ಪ್ಯಾಂಟು ಮೊಳಕಾಲಿನವರೆಗೆ ಮಡಚಿತ್ತು. ಬೇಸಿನ್ನಿನಲ್ಲಿ ಬಿಸಿನೀರು, ನೆಲದ ಮೇಲೆ ಬಿಚ್ಚಿದ ಬ್ಯಾಂಡೇಜು. ಮೊಳಕಾಲಿನ ಕೆಳಗೆ ಮಾಂಸ ಇರಬೇಕಾದ ಕಡೆ ಇರಲಿಲ್ಲ. ಚಮಚದಿಂದ ಕೆರೆದು ತೆಗೆದಂತೆ ಉದ್ದಕ್ಕೂ ಹಳ್ಳ, ಅದರ ಮೇಲೆ ನೇರಳೆ ಬಣ್ಣದ ತೆಳ್ಳಗಿನ ಹೊಳೆಯುವ ಚರ್ಮ, ಒಂದು ಮೂಲೆಯಲ್ಲಿ ಇನ್ನೂ ಒಸರುತ್ತಿದ್ದ ಗಾಯ.

ಅವನು ತಟ್ಟನೆ ಟವೆಲನ್ನು ಕಾಲಿನ ಮೇಲೆ ಎಳೆದುಕೊಂಡ. ಕೂಗುತ್ತಾನೆಂದು ಮೇವಿಸ್ ಭುಜ ಕುಗ್ಗಿಸಿದಳು. ಅವನು ಕೂಗಲಿಲ್ಲ. ಕಳ್ಳತನದಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ ನೋಡಿದ.

"ಅಮ್ಮನಿಗೆ ಹೇಳ್ಬೇಡ" ಎಂದ. "ಅವಳು ನೋಡಿಲ್ಲ ಇದನ್ನ."

"ನೀವು ಯಾರು?" ಎಂದಳು ಮೇವಿಸ್.

ಹಾಗೆ ಕೇಳಬೇಕೆಂದು ಅವಳು ಅಂದುಕೊಂಡಿರಲಿಲ್ಲ. ಬಾಯಿಂದ ಬಂದುಬಿಟ್ಟಿತು. ಒಲೆಯೊಳಗೆ ಕಲ್ಲಿದ್ದಲು ಕುಸಿದ ಸದ್ದಾಯಿತು.

"ಯಾರು ಅಂತ ಅನ್ಸುತ್ತೆ ನಿಂಗೆ?"

"ಗೊತ್ತಿಲ್ಲ. ಡಾಫ್ನೆ ಹೇಳ್ತಾಳೆ, ಹಡಗು ಹತ್ತೋವಾಗ ಅದಲುಬದಲಾಗಿ ಬಂದಿದೀರ ಅಂತ. ಬೆಕ್ಕಿನ ಹೆಸರೂ ನಿಮಗೆ ಗೊತ್ತಿಲ್ಲ. ಅಜ್ಜಿ ಕೈ ಬೇರೆ ಅಂತಾಳೆ. ಅಮ್ಮನೂ..." ಅಲ್ಲಿಗೆ ನಿಲ್ಲಿಸಿದಳು.

"ಅಮ್ಮನೂ" ಎಂದು ಅವನು ತಲೆಯಾಡಿಸಿದ. ಕೋಪ ಬಂದಂತೆ ಕಾಣಲಿಲ್ಲ. ಟವೆಲನ್ನು ಸರಿಸಿ, ಕಾಲನ್ನು ಒರೆಸಿ, ಹೊಸ ಬಟ್ಟೆ ಸುತ್ತತೊಡಗಿದ. ಅವಳು ನೋಡುತ್ತಿದ್ದಂತೆಯೇ ಸುತ್ತಿದ.

"ಒಂದು ಮಾತು ಹೇಳ್ತೀನಿ, ಯಾರಿಗೂ ಹೇಳ್ಬಾರ್ದು. ಸ್ಟೇಷನ್‌ನಲ್ಲಿ ಇಳಿದೆ ನೋಡು, ನಾನು ಮೊದಲು ಹೋಗಿದ್ದು ನಿಮ್ಮಮ್ಮನ ಹತ್ರ ಅಲ್ಲ. ಆ ಕಡೆ ಹಸಿರು ಕೋಟು ಹಾಕ್ಕೊಂಡು ಒಬ್ಬಳು ನಿಂತಿದ್ಲು. ಅವಳೇ ಐವಿ ಅಂತ ಹೋಗಿ ಎದುರಿಗೆ ನಿಂತೆ. ಅವಳು ನನ್ನ ಕೆಳಗಿಂದ ಮೇಲಕ್ಕೆ ನೋಡಿ, ಏನಪ್ಪಾ ಬೇಕಿತ್ತು ಅಂದ್ಲು."

ಮೇವಿಸಳ ಬಾಯಿ ತೆರೆದುಕೊಂಡಿತು. "ಅಮ್ಮ ನಿಮಗೆ ಗೊತ್ತಾಗ್ಲಿಲ್ವಾ?"

"ನಾನು ಬಿಟ್ಟು ಹೋದ ಐವಿ ತೆಳ್ಳಗಿದ್ಲು, ನಗ್ತಿದ್ಲು. ಕೂದಲಲ್ಲಿ ಬಿಳಿ ಇರ್ಲಿಲ್ಲ. ಇನ್ನು ನೀನು." ಅವನು ಮೊಳಕಾಲಿನ ಎತ್ತರಕ್ಕೆ ಕೈ ಹಿಡಿದು ತೋರಿಸಿದ. "ಇಷ್ಟಿದ್ದೆ. ಗುಂಗುರು ಕೂದಲು. ಅಲ್ಲಿ ಮಲಗಿದಾಗೆಲ್ಲ ಆ ಮಗೂನೇ ಕಣ್ಮುಂದೆ ಬರೋದು. ಇಲ್ಲಿ ನೋಡಿದ್ರೆ ಉದ್ದ ಕಾಲಿನವಳೊಬ್ಬಳು ಮುಖ ಊದಿಸಿಕೊಂಡು ನಿಂತಿದಾಳೆ. ಇವಳೇ ಆ ಮಗು ಅಂತ ಯಾರು ಹೇಳ್ಬೇಕು? ನಿಮ್ಮಮ್ಮ ಹೇಳಿದ್ಲು. ನಂಬಿದೆ."

ಮೇವಿಸಳಿಗೆ ಸಿಟ್ಟು ಬಂತು. "ನಾನೇ ಮೇವಿಸ್!" ಎಂದಳು. "ಬೇಕಾದ್ರೆ ಮಿಸ್‌ನ ಕೇಳಿ!"

"ಇಲ್ಲ ಇಲ್ಲ, ನಂಬಿದೀನಿ ಅಂದ್ನಲ್ಲ" ಎಂದು ಅವನು ಎರಡೂ ಕೈ ಎತ್ತಿದ. ಆಗ ಕೋಟಿನೊಳಗಿಂದ ಇಣುಕುತ್ತಿದ್ದ ಹಳದಿ ತುದಿ ಅವನ ಕಣ್ಣಿಗೆ ಬಿತ್ತು. ಅವನ ಮುಖದಲ್ಲಿ ಏನೋ ಆಯಿತು. "ಅದನ್ನ ಎಲ್ಲಿಂದ ತಂದೆ?"

ಅವಳು ಹಣ್ಣನ್ನು ಕೊಟ್ಟಳು. ಅವನು ಅದನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದ. ಆಮೇಲೆ ತೊಟ್ಟು ಕೆಳಗೆ ಮಾಡಿ, ತುದಿ ಚಿವುಟಿ, ಸಿಪ್ಪೆಯನ್ನು ಎಳೆ ಎಳೆಯಾಗಿ ಇಳಿಸಿದ. ಬಿಳಿಯ ಹಣ್ಣು ಹೊರಗೆ ಬಂತು. "ಅಲ್ಲಿ ಕಾಡಲ್ಲಿ ರೈಲು ಹಾದಿ ಹಾಕಿಸ್ತಿದ್ರು ನಮ್ಮ ಕೈಲಿ. ಕೆಲಸಕ್ಕೆ ಹೋಗೋ ದಾರೀಲಿ ಆ ಊರಿನ ಒಬ್ಬ ಮುದುಕಿ ದೊಡ್ಡ ಎಲೆ ಕೆಳಗೆ ಇದನ್ನ ಇಟ್ಟು ಹೋಗ್ತಿದ್ಲು. ಕಾವಲಿನವರು ನೋಡಿದ್ರೆ ಅವಳನ್ನ ಹೊಡೀತಿದ್ರು. ಆದ್ರೂ ಇಡ್ತಿದ್ಲು. ಅವಳ ಮುಖ ನಾನು ಒಂದು ಸಲವೂ ನೋಡ್ಲಿಲ್ಲ. ತಿನ್ನು."

ಮೇವಿಸ್ ಕಚ್ಚಿದಳು. ಸೋಪಿನಷ್ಟು ಮೆತ್ತಗಿತ್ತು, ಹಲ್ಲಿಗೆ ಅಂಟಿತು. ನುಂಗಲೂ ಆಗದೆ ಉಗಿಯಲೂ ಆಗದೆ ಅವಳ ಮುಖ ಸೊಟ್ಟಗಾಯಿತು. ಅದನ್ನು ನೋಡಿ ಅವನು ನಕ್ಕ. ಬಂದಾಗಿನಿಂದ ನಕ್ಕದ್ದು ಅದೇ ಮೊದಲು. ಬೊಚ್ಚುಬಾಯಿಯ ನಗು, ದನಿಯೇ ಇಲ್ಲದ್ದು, ಭುಜ ಮಾತ್ರ ಕುಣಿಯುವಂಥದ್ದು.

"ಊರೆಲ್ಲ ಸಾಲು ನಿಂತಿದ್ದು ಇದಕ್ಕಾ!" ಎಂದಳು ಅವಳು. "ಡಾಫ್ನೆ ಸಿಪ್ಪೇನೂ ಕಚ್ಚಿದ್ಲು."

"ಡಾಫ್ನೆ ಅಂದ್ರೆ ಯಾರ ಮಗಳು? ಜ್ಯಾಕ್ ಲೋಸ್ಬಿ ಮಗಳಾ?"

ಅವಳು ತಲೆಯಾಡಿಸಿದಳು.

"ಜ್ಯಾಕ್ ನನ್ನ ಪಕ್ಕದ ಮೇಜಲ್ಲೇ ಚರ್ಮ ಕತ್ತರಿಸ್ತಿದ್ದ." ಅವನು ಸಿಪ್ಪೆಯನ್ನು ಮಡಚಿ ಪಕ್ಕಕ್ಕಿಟ್ಟ. "ಒಂದು ಕಿವಿ ಮುಂದಕ್ಕೆ ಮಡಚಿತ್ತು ಅವನಿಗೆ. ಕಿವಿ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ್ರೆ ನಿಲ್ತಾನೇ ಇರ್ಲಿಲ್ಲ. ದಿನಾ ಬೀಳಿಸೋದು, ದಿನಾ ನಾವು ರೇಗಿಸೋದು. ಅವನು ಹೋದ ಅಂತ ನಿಮ್ಮಮ್ಮ ಹೇಳಿದ್ಲು."

ಉಳಿದ ಹಣ್ಣನ್ನು ಅವನು ಎರಡು ಮಾಡಿ, ಒಂದನ್ನು ಅಮ್ಮನಿಗೆಂದು ತಟ್ಟೆಯಲ್ಲಿಟ್ಟು ಲೋಟ ಮುಚ್ಚಿದ. ಇನ್ನೊಂದನ್ನು ತುಂಬ ಹೊತ್ತು ತಿಂದ. ಅಮ್ಮ ಬಂದಾಗ ಇಬ್ಬರೂ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಮೇವಿಸಳ ಕಾಲು ಜುಮುಗುಟ್ಟುತ್ತಿತ್ತು, ಏಳಲು ಆಗುತ್ತಿರಲಿಲ್ಲ.

"ಏನಿದು?" ಎಂದಳು ಅಮ್ಮ.

"ಏನಿಲ್ಲ" ಎಂದರು ಇಬ್ಬರೂ.

*

ಶನಿವಾರ ಅರ್ಧ ದಿನದ ಕೆಲಸ. ಮೇವಿಸ್ ಓಡೋಡಿ ಬಂದಾಗ ಡಾಫ್ನೆ ಆಗಲೇ ಕಾರ್ಖಾನೆಯ ಗೇಟಿನ ಪಕ್ಕದ ಮೋಟುಗೋಡೆಯ ಮೇಲೆ ಹತ್ತಿ ನಿಂತಿದ್ದಳು. ಹೇಳಬೇಕಾದ ಮಾತನ್ನು ಮೇವಿಸ್ ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದಳು. ಠಾಣೆಗೆ ಹೋಗುವುದು ಬೇಡ. ಅವನು ಬೇರೆಯವನಲ್ಲ. ಬೆಕ್ಕಿನ ಹೆಸರು ಮರೆತದ್ದು ಹೌದು, ಆದರೆ ಅಮ್ಮನ ಮುಖವನ್ನೇ ಮರೆತವನಿಗೆ ಬೆಕ್ಕು ಯಾವ ಲೆಕ್ಕ?

"ಡಾಫ್ನೆ, ಠಾಣೆಗೆ..."

"ತಡಿ, ಈಗ ಬಿಡ್ತಾರೆ" ಎಂದಳು ಡಾಫ್ನೆ, ಗೇಟಿನ ಮೇಲಿಟ್ಟ ಕಣ್ಣು ತೆಗೆಯದೆ. "ಮೊದಲು ಇವರನ್ನ ನೋಡ್ಬೇಕು."

"ಯಾರನ್ನ?"

"ಎಲ್ಲರನ್ನೂ. ನಾನು ಪ್ರತಿ ಶನಿವಾರ ಬರ್ತೀನಿ."

"ಯಾಕೆ?"

ಡಾಫ್ನೆ ಅವಳನ್ನು ಪೆದ್ದಿಯ ಹಾಗೆ ನೋಡಿದಳು. "ಅಷ್ಟೂ ಗೊತ್ತಾಗಲ್ವಾ ನಿಂಗೆ? ನಿಮ್ಮನೆಗೆ ಬಂದಿರೋದು ತಪ್ಪು ಮನುಷ್ಯ ಅಂದ್ರೆ, ತಪ್ಪು ಒಂದೇ ಆಗಿರುತ್ತಾ? ಕೋಟು ಅದಲುಬದಲಾದ್ರೆ ಇಬ್ಬರದೂ ಹೋಗುತ್ತೆ. ನಮ್ಮನೆಗೆ ತಂತಿ ಬಂತು, ಅಪ್ಪ ಸತ್ತರು ಅಂತ. ಯಾರು ನೋಡಿದ್ರು? ಅಮ್ಮ ನೋಡಿಲ್ಲ. ನಾನು ನೋಡಿಲ್ಲ. ಸತ್ತಿದ್ದು ಬೇರೆ ಯಾರೋ, ಅವರ ತಂತಿ ನಮಗೆ ಬಂದಿದೆ. ನಮ್ಮಪ್ಪ ಯಾರದೋ ಮನೇಲಿ ಇದಾರೆ. ಜ್ವರ ಬಂದು ಹೆಸರು ಮರೆತಿದೆ ಅಷ್ಟೆ. ಆದ್ರೆ ಚರ್ಮ ಕತ್ತರಿಸೋದು ಮರೆಯಲ್ಲ ಅಲ್ವಾ? ಎಲ್ಲೇ ಇದ್ರೂ ಬೂಟಿನ ಕಾರ್ಖಾನೆಗೇ ಕೆಲಸಕ್ಕೆ ಬರ್ತಾರೆ."

ಅವಳು ಇಷ್ಟನ್ನೂ ಒಂದೇ ಉಸಿರಿಗೆ, ಮಗ್ಗಿ ಹೇಳಿದ ಹಾಗೆ ಹೇಳಿದಳು. ಗಾಳಿಗೆ ಅವಳ ಮೂಗಿನ ತುದಿ ಕೆಂಪಾಗಿತ್ತು. ಕೈಗವಸು ಒಂದೇ ಇತ್ತು, ಇನ್ನೊಂದು ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದಳು.

"ಗುರುತು ಹಿಡಿಯೋದು ಸುಲಭ" ಎಂದಳು. "ಎಡಗಿವಿ ಮುಂದಕ್ಕೆ ಮಡಚಿದೆ. ಪೆನ್ಸಿಲ್ ಇಟ್ರೆ ಬೀಳುತ್ತೆ."

ಮೇವಿಸ್ ಗೇಟಿನ ಕಡೆ ನೋಡಿದಳು.

"ಕಾಲು ನೋಡಿದ್ಯಾ?" ಎಂದು ಡಾಫ್ನೆ ಈಗ ಅವಳ ಕಡೆಗೆ ತಿರುಗಿದಳು. "ಏನಿತ್ತು? ಅವನು ನಿಮ್ಮಪ್ಪ ಅಲ್ಲ ತಾನೆ?"

ಒಳಗೆ ಯಂತ್ರಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಚರ್ಮದ ವಾಸನೆ ಗಾಳಿಯಲ್ಲಿ ತೇಲಿ ಬಂತು. ಹೊಂದಿಸಿಕೊಂಡು ಬಂದಿದ್ದ ಮಾತು ಮೇವಿಸಳ ನಾಲಿಗೆಯ ಮೇಲೇ ಇತ್ತು. ಅವಳು ಡಾಫ್ನೆಯ ಬರಿಗೈಯನ್ನು ನೋಡಿದಳು.

"ಇನ್ನೂ ಗೊತ್ತಾಗಿಲ್ಲ" ಎಂದಳು. "ಕಾಲು ಪೂರ್ತಿ ಕಾಣ್ಲಿಲ್ಲ. ಇನ್ನೂ ಸ್ವಲ್ಪ ದಿನ ನೋಡ್ಬೇಕು. ಸಾರ್ಜೆಂಟ್‌ಗೆ ಈಗ್ಲೇ ಹೇಳೋದು ಬೇಡ."

ಡಾಫ್ನೆ ಉಸಿರು ಬಿಟ್ಟಳು. "ನೋಡು, ಸರಿಯಾಗಿ ನೋಡು. ಅವಸರ ಏನಿಲ್ಲ" ಎಂದಳು ದೊಡ್ಡವರ ಹಾಗೆ. "ನೀನು ಆ ಕಡೆ ಕಂಬದ ಹತ್ರ ನಿಂತ್ಕೊ. ಈ ಕಡೆಯಿಂದ ಎಲ್ಲರ ಎಡಗಿವಿ ಕಾಣಲ್ಲ ನಂಗೆ."

ಕಾರ್ಖಾನೆ ಕೂಗಿತು. ಗೇಟು ತೆರೆದು ಗಂಡಸರು ಹೊರಗೆ ನುಗ್ಗಿದರು, ಕೆಲವರು ನಡೆದುಕೊಂಡು, ಕೆಲವರು ಸೈಕಲ್ಲಿನ ಗಂಟೆ ಬಾರಿಸುತ್ತ, ಎಲ್ಲರೂ ಚಳಿಗೆ ಕತ್ತು ಕುಗ್ಗಿಸಿ, ಟೋಪಿಯನ್ನು ಕೆಳಗೆ ಎಳೆದುಕೊಂಡು. ಮೇವಿಸ್ ಅವರ ನಡುವೆ ನುಸುಳಿಕೊಂಡು ಆಚೆ ಬದಿಯ ದೀಪದ ಕಂಬದ ಕಟ್ಟೆ ಹತ್ತಿದಳು. ಒಬ್ಬ ಮುದುಕ ಅವಳೆದುರು ನಿಂತು, "ಯಾರಿಗಮ್ಮ ಕಾಯ್ತಿದೀಯ?" ಎಂದು ಟೋಪಿಯನ್ನು ಸ್ವಲ್ಪ ಮೇಲಕ್ಕೆ ಎತ್ತಿದ. ಅವಳು ಕತ್ತು ಓರೆ ಮಾಡಿ ಅವನ ಎಡಗಿವಿಯನ್ನು ನೋಡಿದಳು, ಆಮೇಲೆ ಅವನ ಹಿಂದೆ ಬರುತ್ತಿದ್ದವನ ಕಿವಿಯನ್ನು ನೋಡಿದಳು.